ಮರುಮಾತಿನ ಹಕ್ಕು: ಉದ್ಯೋಗಸ್ಥಳದ ಕಿರುಕುಳವನ್ನು ಅಳೆಯುವ ಪ್ರಶ್ನಾವಳಿಗಳ ವಿಮರ್ಶೆ

ಜಾನಪದ ಅಧ್ಯಯನಕ್ಕೆ ಪ್ರಶ್ನಾವಳಿ ಹೊಸತಲ್ಲ. ಜರ್ಮನಿಯ ವಿಲ್ಹೆಲ್ಮ್ ಮಾನ್‌ಹಾರ್ಟ್ ೧೮೬೫ರಲ್ಲಿಯೇ ಸುಗ್ಗಿಯ ಆಚರಣೆಗಳನ್ನು ಕುರಿತ ಪ್ರಶ್ನೆಗಳನ್ನು ಅಚ್ಚು ಹಾಕಿಸಿ ಊರೂರಿಗೆ ಕಳುಹಿಸಿದ್ದನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ಆಡಳಿತ ಕೈಗೊಂಡ ಜನಾಂಗ ಸಮೀಕ್ಷೆಯೂ ಪೂರ್ವನಿಗದಿತ ಪ್ರಶ್ನೆಗಳನ್ನೇ ಅವಲಂಬಿಸಿತ್ತು. ಮೈಸೂರು ಸಂಸ್ಥಾನದಲ್ಲಿ ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಹೆಸರಿನಲ್ಲಿ ಪ್ರಕಟವಾದ ಬುಡಕಟ್ಟು ಮತ್ತು ಜಾತಿಗಳ ಸಂಪುಟಗಳು ಆ ಕಾರ್ಯದ ಫಲ. ಅವುಗಳಲ್ಲಿ ಬೇರೆ ಬೇರೆ ಸಮುದಾಯಗಳು ಹೆಚ್ಚುಕಡಿಮೆ ಒಂದೇ ಬಗೆಯ ಶೀರ್ಷಿಕೆಗಳ ಅಡಿಯಲ್ಲಿ ಕಾಣಿಸಿಕೊಳ್ಳುತ್ತವೆ. ಕೇಳಿದ್ದಕ್ಕೆ ಉತ್ತರ ದೊರೆಯಿತು, ಕೇಳದೆ ಉಳಿದದ್ದು ದಾಖಲೆಯ ಹೊರಗೇ ಉಳಿಯಿತು. ಪ್ರಶ್ನೆಯ ಚೌಕಟ್ಟು ಉತ್ತರದ ಆಕಾರವನ್ನು ಮೊದಲೇ ನಿರ್ಧರಿಸುತ್ತದೆ ಎಂಬ ಈ ಪಾಠವನ್ನು ಜಾನಪದ ಶಾಸ್ತ್ರ ತನ್ನ ಅನುಭವದಿಂದಲೇ ಕಲಿತಿದೆ.

ಈಚಿನ ನಾಲ್ಕು ದಶಕಗಳಲ್ಲಿ ಇದೇ ಸಾಧನವನ್ನು ಬೇರೊಂದು ಕ್ಷೇತ್ರದಲ್ಲಿ ವ್ಯಾಪಕವಾಗಿ ಬಳಸಲಾಗಿದೆ. ಕಚೇರಿ, ಕಾರ್ಖಾನೆ, ಆಸ್ಪತ್ರೆ, ಶಾಲೆಗಳಲ್ಲಿ ದುಡಿಯುವವರು ಮೇಲಧಿಕಾರಿಗಳಿಂದಲೂ ಸಹೋದ್ಯೋಗಿಗಳಿಂದಲೂ ಅನುಭವಿಸುವ ಕಿರುಕುಳವನ್ನು ಪ್ರಶ್ನಾವಳಿಗಳ ಮೂಲಕ ಅಳೆಯುವ ವಿಧಾನ ಮನೋವಿಜ್ಞಾನದಲ್ಲಿ ಬೇರೂರಿದೆ. ಅಪಹಾಸ್ಯ, ಅಡ್ಡಹೆಸರು, ಅಣಕ, ಗಾಳಿಮಾತು, ಬಹಿಷ್ಕಾರಗಳು ಈ ಪ್ರಶ್ನಾವಳಿಗಳ ಮುಖ್ಯ ಸಾಮಗ್ರಿ. ಇವೆಲ್ಲವೂ ಜಾನಪದ ಅಧ್ಯಯನದ ಸಾಮಗ್ರಿಯೂ ಹೌದು. ಆದುದರಿಂದ ಈ ಅಳತೆಗೋಲುಗಳನ್ನು ಜಾನಪದೀಯ ದೃಷ್ಟಿಯಿಂದ ಪರಿಶೀಲಿಸಿ, ಅವು ಏನನ್ನು ಹಿಡಿಯುತ್ತವೆ, ಏನನ್ನು ಬಿಡುತ್ತವೆ ಎಂಬುದನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅಳತೆಗೋಲಿನ ಹುಟ್ಟು

ಸಣ್ಣ ಹಕ್ಕಿಗಳು ಗುಂಪುಗೂಡಿ ದೊಡ್ಡ ಹಕ್ಕಿಯೊಂದನ್ನು ಕುಕ್ಕಿ ಓಡಿಸುವುದನ್ನು ಪ್ರಾಣಿವರ್ತನೆಯ ಅಧ್ಯಯನಕಾರರು ‘ಮಾಬಿಂಗ್’ ಎಂದು ಕರೆದಿದ್ದರು. ಹಗಲಿನಲ್ಲಿ ಹೊರಬಿದ್ದ ಗೂಬೆಯನ್ನು ಕಾಗೆಗಳು ಮುತ್ತುವುದನ್ನು ಕಂಡವರಿಗೆ ಈ ರೂಪಕ ಸುಲಭವಾಗಿ ಅರ್ಥವಾಗುತ್ತದೆ. ಸ್ವೀಡನ್ನಿನ ವೈದ್ಯ ಪೀಟರ್ ಪಾಲ್ ಹೈನೆಮನ್ ೧೯೬೯ರಲ್ಲಿ ಈ ಪದವನ್ನು ಮಕ್ಕಳ ಗುಂಪುಗಳ ವರ್ತನೆಗೆ ಅನ್ವಯಿಸಿದನು. ಜರ್ಮನಿಯಲ್ಲಿ ಹುಟ್ಟಿ ಸ್ವೀಡನ್ನಿನಲ್ಲಿ ನೆಲೆಸಿದ ಹೈಂಜ್ ಲೇಮನ್ ೧೯೮೦ರ ದಶಕದಲ್ಲಿ ಅದನ್ನು ವಯಸ್ಕರ ಉದ್ಯೋಗಸ್ಥಳಕ್ಕೆ ತಂದನು. ಆತ ರೂಪಿಸಿದ ಪಟ್ಟಿಯಲ್ಲಿ ೪೫ ವರ್ತನೆಗಳಿವೆ. ವ್ಯಕ್ತಿಯ ಸಂವಹನ, ಸಾಮಾಜಿಕ ಸಂಬಂಧ, ಮಾನಮರ್ಯಾದೆ, ವೃತ್ತಿಸ್ಥಾನ, ಆರೋಗ್ಯ ಎಂಬ ಐದು ನೆಲೆಗಳಲ್ಲಿ ಅವನ್ನು ಹಂಚಲಾಗಿದೆ. ಈ ವರ್ತನೆಗಳಲ್ಲಿ ಒಂದಾದರೂ ವಾರಕ್ಕೊಮ್ಮೆಯಂತೆ ಕನಿಷ್ಠ ಆರು ತಿಂಗಳು ನಡೆದಿದ್ದರೆ ಅದು ಕಿರುಕುಳ ಎಂಬುದು ಲೇಮನ್ನನ ಮಾನದಂಡ. ಸ್ವೀಡನ್ನಿನ ಸುಮಾರು ೨,೪೦೦ ಉದ್ಯೋಗಿಗಳ ರಾಷ್ಟ್ರೀಯ ಮಾದರಿಯಲ್ಲಿ ಈ ಮಾನದಂಡದಂತೆ ಶೇಕಡಾ ೩.೫ರಷ್ಟು ಜನ ಬಾಧಿತರೆಂದು ಆತ ಲೆಕ್ಕ ಹಾಕಿದನು.

ನಂತರ ನಾರ್ವೆಯ ಬರ್ಗೆನ್ ವಿಶ್ವವಿದ್ಯಾಲಯದ ಸ್ಟೋಲೆ ಐನರ್ಸನ್ ಮತ್ತು ಸಂಗಡಿಗರು ‘ನಕಾರಾತ್ಮಕ ವರ್ತನೆಗಳ ಪ್ರಶ್ನಾವಳಿ’ಯನ್ನು ಸಿದ್ಧಪಡಿಸಿದರು. ಅದರ ಪರಿಷ್ಕೃತ ರೂಪದಲ್ಲಿ ೨೨ ಅಂಶಗಳಿವೆ. ೫,೨೮೮ ಬ್ರಿಟಿಷ್ ಉದ್ಯೋಗಿಗಳ ಉತ್ತರಗಳ ಆಧಾರದ ಮೇಲೆ ಇದರ ಸಪ್ರಮಾಣತೆಯನ್ನು ಪರೀಕ್ಷಿಸಿದ ಪ್ರಬಂಧ ೨೦೦೯ರಲ್ಲಿ ಪ್ರಕಟವಾಯಿತು. ಕಳೆದ ಆರು ತಿಂಗಳಲ್ಲಿ ಪ್ರತಿಯೊಂದು ವರ್ತನೆಯನ್ನು ಎಷ್ಟು ಬಾರಿ ಎದುರಿಸಬೇಕಾಯಿತು ಎಂಬುದಕ್ಕೆ ‘ಎಂದೂ ಇಲ್ಲ’ ಎಂಬುದರಿಂದ ‘ಪ್ರತಿದಿನ’ ಎಂಬುದರವರೆಗೆ ಐದು ಹಂತಗಳ ಉತ್ತರವಿದೆ. ಪಟ್ಟಿಯಲ್ಲಿ ‘ಕಿರುಕುಳ’ ಎಂಬ ಪದವನ್ನು ಬಳಸದಿರುವುದು ಈ ಪ್ರಶ್ನಾವಳಿಯ ವೈಶಿಷ್ಟ್ಯ. ಉತ್ತರಿಸುವವರು ಹೆಸರಿಡುವ ಹೊಣೆಯಿಂದ ಬಿಡುಗಡೆ ಹೊಂದಿ, ನಡೆದದ್ದನ್ನಷ್ಟೇ ಹೇಳಲಿ ಎಂಬುದು ಇದರ ಹಿಂದಿನ ಆಲೋಚನೆ. ಜಗತ್ತಿನ ಹಲವು ಭಾಷೆಗಳಿಗೆ ಅನುವಾದಗೊಂಡಿರುವ ಈ ಪ್ರಶ್ನಾವಳಿಯೇ ಇಂದು ಕ್ಷೇತ್ರದಲ್ಲಿ ಹೆಚ್ಚು ಬಳಕೆಯಲ್ಲಿದೆ.

ಒಂದೇ ಅನುಭವ, ಹಲವು ಲೆಕ್ಕ

ಕಿರುಕುಳವನ್ನು ಅಳೆಯುವ ವಿಧಾನಗಳು ಮುಖ್ಯವಾಗಿ ಎರಡು. ಮೊದಲನೆಯದು, ಮೇಲೆ ಹೇಳಿದಂತೆ ವರ್ತನೆಗಳ ಪಟ್ಟಿಯನ್ನು ಮುಂದಿಡುವುದು. ಎರಡನೆಯದು, ಕಿರುಕುಳಕ್ಕೆ ಒಳಗಾಗಿರುವಿರಾ ಎಂದು ನೇರವಾಗಿ ಕೇಳುವುದು. ಈ ನೇರ ಪ್ರಶ್ನೆಯನ್ನು ವ್ಯಾಖ್ಯೆಯೊಂದಿಗೂ ಕೇಳಬಹುದು, ವ್ಯಾಖ್ಯೆಯಿಲ್ಲದೆಯೂ ಕೇಳಬಹುದು. ಫಿನ್‌ಲೆಂಡಿನ ಡೆನಿಸ್ ಸಾಲಿನ್ ೨೦೦೧ರಲ್ಲಿ ವಾಣಿಜ್ಯ ವೃತ್ತಿಯ ಪದವೀಧರರನ್ನು ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ಗುಂಪಿನವರಿಗೆ ಎರಡೂ ಬಗೆಯ ಪ್ರಶ್ನೆಗಳನ್ನು ಕೇಳಲಾಯಿತು. ಆಗಾಗಲಾದರೂ ಕಿರುಕುಳಕ್ಕೆ ಒಳಗಾಗಿದ್ದೇವೆ ಎಂದು ಒಪ್ಪಿಕೊಂಡವರು ಶೇಕಡಾ ೮.೮. ಪಟ್ಟಿಯ ಒಂದಾದರೂ ವರ್ತನೆಯನ್ನು ವಾರಕ್ಕೊಮ್ಮೆ ಎದುರಿಸುತ್ತಿದ್ದೇವೆ ಎಂದವರು ಶೇಕಡಾ ೨೪.೧. ನೀಲ್ಸನ್, ಮತ್ತೀಸನ್ ಮತ್ತು ಐನರ್ಸನ್ ೨೦೧೦ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದಾಗಲೂ ಪ್ರಮಾಣವು ಕೇಳುವ ವಿಧಾನವನ್ನು ಅನುಸರಿಸಿ ಬದಲಾಗುವುದು ಕಂಡುಬಂದಿತು. ವ್ಯಾಖ್ಯೆ ನೀಡಿ ಕೇಳಿದಾಗ ಶೇಕಡಾ ೧೧.೩, ವರ್ತನೆಗಳ ಪಟ್ಟಿ ನೀಡಿದಾಗ ೧೪.೮, ವ್ಯಾಖ್ಯೆಯಿಲ್ಲದೆ ನೇರವಾಗಿ ಕೇಳಿದಾಗ ೧೮.೧.

ಈ ಅಂತರವನ್ನು ಅಳತೆಯ ದೋಷವೆಂದು ಪರಿಗಣಿಸುವುದು ವಾಡಿಕೆ. ಆದರೆ ಅದನ್ನು ಅರ್ಥದ ಸಮಸ್ಯೆಯೆಂದು ನೋಡುವುದು ಹೆಚ್ಚು ಉಚಿತ. ನಡೆದದ್ದನ್ನು ಒಪ್ಪಿಕೊಳ್ಳುವುದು ಬೇರೆ, ಅದಕ್ಕೆ ಹೆಸರಿಡುವುದು ಬೇರೆ. ‘ತಾನು ಪೀಡನೆಗೆ ಒಳಗಾದವನು’ ಎಂದು ಹೇಳಿಕೊಳ್ಳುವುದರಲ್ಲಿ ಸೋಲನ್ನು ಒಪ್ಪಿಕೊಂಡ ಭಾವವಿರುತ್ತದೆ. ಅನೇಕರು ಆ ಹೆಸರನ್ನು ಧರಿಸಲು ಸಿದ್ಧರಿರುವುದಿಲ್ಲ.

ಅಂಕಗಳ ಲೆಕ್ಕಾಚಾರವನ್ನು ನೋಡಿದರೆ ಇನ್ನೊಂದು ತೊಡಕು ಕಾಣುತ್ತದೆ. ೨೨ ಅಂಶಗಳಿಗೆ ಒಂದರಿಂದ ಐದರವರೆಗೆ ಅಂಕ ನೀಡಿದರೆ ಒಟ್ಟು ೨೨ರಿಂದ ೧೧೦ರವರೆಗೆ ಆಗುತ್ತದೆ. ನೋಟಿಲಾರ್ಸ್ ಮತ್ತು ಐನರ್ಸನ್ ೨೦೧೩ರಲ್ಲಿ ನಾರ್ವೆಯ ಪ್ರಾತಿನಿಧಿಕ ಮಾದರಿಯ ಆಧಾರದಿಂದ ೩೩ ಮತ್ತು ೪೫ ಎಂಬ ಎರಡು ಗಡಿಗಳನ್ನು ಸೂಚಿಸಿದರು. ೩೩ಕ್ಕಿಂತ ಕಡಿಮೆಯಿದ್ದರೆ ಕಿರುಕುಳವಿಲ್ಲ, ೩೩ರಿಂದ ೪೪ರವರೆಗೆ ಆಗಾಗ ಕಿರುಕುಳ, ೪೫ ಮತ್ತು ಅದಕ್ಕೂ ಮೇಲಾದರೆ ವ್ಯಕ್ತಿ ಪೂರ್ಣವಾಗಿ ಬಾಧಿತ. ಈಗ ಇಬ್ಬರು ಉದ್ಯೋಗಿಗಳನ್ನು ಕಲ್ಪಿಸಿಕೊಳ್ಳಬಹುದು. ಮೊದಲನೆಯವನು ಹನ್ನೊಂದು ಬಗೆಯ ಸಣ್ಣಪುಟ್ಟ ಅಹಿತಗಳನ್ನು ‘ಆಗೊಮ್ಮೆ ಈಗೊಮ್ಮೆ’ ಎದುರಿಸಿದ್ದಾನೆ. ಅವನ ಅಂಕ ೩೩. ಎರಡನೆಯವಳು ದಿನವೂ ಎಲ್ಲರೆದುರು ಅವಮಾನಕ್ಕೆ ಗುರಿಯಾಗುತ್ತಾಳೆ, ದಿನವೂ ಅವಳ ಬಗ್ಗೆ ಗಾಳಿಮಾತು ಹರಡುತ್ತದೆ, ಉಳಿದ ಇಪ್ಪತ್ತು ವರ್ತನೆಗಳು ಅವಳಿಗೆ ತಟ್ಟಿಲ್ಲ. ಅವಳ ಅಂಕ ೩೦. ಗಡಿಯ ಪ್ರಕಾರ ಮೊದಲನೆಯವನು ಕಿರುಕುಳದ ವಲಯಕ್ಕೆ ಬರುತ್ತಾನೆ, ಎರಡನೆಯವಳು ಬರುವುದಿಲ್ಲ. ಲೇಮನ್ನನ ಮಾನದಂಡ ಬಳಸಿದರೆ ಇದೇ ಎರಡನೆಯವಳು ನಿಸ್ಸಂದೇಹವಾಗಿ ಬಾಧಿತಳು. ಒಂದು ಅಳತೆಗೋಲು ವೈವಿಧ್ಯವನ್ನು ಎಣಿಸುತ್ತದೆ, ಇನ್ನೊಂದು ಪುನರಾವರ್ತನೆಯನ್ನು ಎಣಿಸುತ್ತದೆ. ನೋವಿನ ತೀವ್ರತೆ ಎರಡರಿಂದಲೂ ತಪ್ಪಿಸಿಕೊಳ್ಳುತ್ತದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಕನ್ನಡದ ಗಾದೆ ಈ ಸಂದರ್ಭದಲ್ಲಿ ಸ್ಮರಣೀಯ. ಒಡೆದ ಮುತ್ತಿಗೆ ಆವರ್ತನವಿಲ್ಲ. ನೆರೆದವರ ನಡುವೆ ಒಮ್ಮೆ ಆಡಿದ ಜಾತಿನಿಂದನೆಯ ಮಾತು ‘ಆಗೊಮ್ಮೆ ಈಗೊಮ್ಮೆ’ ಎಂಬ ಹಂತದಲ್ಲಿ ಎರಡು ಅಂಕ ಗಳಿಸುತ್ತದೆ. ಅದನ್ನು ಕೇಳಿಸಿಕೊಂಡವನ ಪಾಲಿಗೆ ಅದು ಉಳಿದ ಸೇವಾವಧಿಯುದ್ದಕ್ಕೂ ಮುಂದುವರಿಯುವ ಘಟನೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ೨೦೧೯ರಲ್ಲಿ ಅಂಗೀಕರಿಸಿದ, ೨೦೨೧ರ ಜೂನ್‌ನಲ್ಲಿ ಜಾರಿಗೆ ಬಂದ ೧೯೦ನೆಯ ಒಪ್ಪಂದವು ಒಮ್ಮೆ ನಡೆದ ವರ್ತನೆಯನ್ನೂ ಪದೇ ಪದೇ ನಡೆಯುವುದನ್ನೂ ಸಮಾನವಾಗಿ ತನ್ನ ವ್ಯಾಖ್ಯೆಯೊಳಗೆ ಸೇರಿಸಿಕೊಂಡಿರುವುದು ಗಮನಾರ್ಹ.

ಏಕವಚನದ ಪ್ರಶ್ನೆ

ಪ್ರಶ್ನಾವಳಿಯನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ತರುವಾಗ ಅನುಸರಿಸುವ ರೂಢಿಯ ಕ್ರಮ ಹಿಮ್ಮರಳಿ ಅನುವಾದ. ಇಂಗ್ಲಿಷಿನಿಂದ ಕನ್ನಡಕ್ಕೆ ತಂದುದನ್ನು ಮತ್ತೊಬ್ಬರು ಇಂಗ್ಲಿಷಿಗೆ ತಿರುಗಿಸಿ, ಮೂಲದೊಂದಿಗೆ ಹೋಲಿಸಿ ನೋಡುತ್ತಾರೆ. ಮೂಲದಲ್ಲಿ ಇದ್ದದ್ದು ಅನುವಾದದಲ್ಲಿ ಉಳಿದಿದೆಯೇ ಎಂಬುದನ್ನು ಈ ಕ್ರಮ ಪತ್ತೆ ಹಚ್ಚಬಲ್ಲದು. ಮೂಲದಲ್ಲಿ ಇಲ್ಲದ್ದು, ಆದರೆ ಗುರಿಭಾಷೆಯ ಬದುಕಿನಲ್ಲಿ ಇರುವುದು ಅದಕ್ಕೆ ಎಂದಿಗೂ ಕಾಣಿಸುವುದಿಲ್ಲ.

ಕನ್ನಡದ ಏಕವಚನ ಸಂಬೋಧನೆ ಇದಕ್ಕೆ ಸ್ಪಷ್ಟವಾದ ನಿದರ್ಶನ. ಕನ್ನಡ ಮಾತನಾಡುವ ಕಚೇರಿಯಲ್ಲಾಗಲಿ ಕಾರ್ಖಾನೆಯಲ್ಲಾಗಲಿ ಒಬ್ಬರನ್ನು ಕೀಳುಗಳೆಯಲು ಬೈಗುಳವೇ ಬೇಕಿಲ್ಲ. ‘ನೀವು’ ಎನ್ನಬೇಕಾದಲ್ಲಿ ‘ನೀನು’ ಎಂದರೆ, ‘ಬನ್ನಿ’ ಎನ್ನಬೇಕಾದಲ್ಲಿ ‘ಬಾರೋ’, ‘ಬಾರೇ’ ಎಂದರೆ ಸಾಕು. ಐವತ್ತು ದಾಟಿದ ಜವಾನನನ್ನು ಇಪ್ಪತ್ತೈದರ ಅಧಿಕಾರಿ ಏಕವಚನದಲ್ಲಿ ಕರೆಯುವುದು ಅಪರೂಪದ ದೃಶ್ಯವಲ್ಲ. ಲೇಮನ್ನನ ೪೫ ಅಂಶಗಳಲ್ಲಾಗಲಿ ಬರ್ಗೆನ್ನಿನ ೨೨ ಅಂಶಗಳಲ್ಲಾಗಲಿ ಇದಕ್ಕೆ ಸ್ಥಾನವಿಲ್ಲ. ಅದಕ್ಕೆ ಕಾರಣ ಆ ಭಾಷೆಗಳ ಚರಿತ್ರೆಯಲ್ಲಿದೆ. ಇಂಗ್ಲಿಷಿನಲ್ಲಿ ಈ ಭೇದ ಬಹಳ ಹಿಂದೆಯೇ ಅಳಿಯಿತು. ಸ್ವೀಡಿಷ್ ಭಾಷೆಯಲ್ಲಿ ೧೯೬೦ರ ದಶಕದ ಕೊನೆಯ ‘ದು’ ಸುಧಾರಣೆಯ ಮೂಲಕ ಅದು ಬಹುಮಟ್ಟಿಗೆ ಮರೆಯಾಯಿತು. ೧೯೬೭ರಲ್ಲಿ ಅಲ್ಲಿಯ ವೈದ್ಯಕೀಯ ಆಡಳಿತ ಮಂಡಳಿಯ ಮುಖ್ಯಸ್ಥನಾದ ಬ್ರೂರ್ ರೆಕ್ಸೆಡ್ ತನ್ನ ಸಿಬ್ಬಂದಿಯನ್ನೆಲ್ಲ ‘ದು’ ಎಂಬ ಆತ್ಮೀಯ ಸರ್ವನಾಮದಿಂದಲೇ ಸಂಬೋಧಿಸುವುದಾಗಿ ಸಾರಿದ್ದು ಆ ಬದಲಾವಣೆಯ ಹೆಗ್ಗುರುತಾಗಿ ಉಳಿದಿದೆ. ಎಲ್ಲರೂ ಎಲ್ಲರನ್ನೂ ಒಂದೇ ಸರ್ವನಾಮದಿಂದ ಕರೆಯುವ ಉದ್ಯೋಗಸ್ಥಳದಲ್ಲಿ ರೂಪುಗೊಂಡ ಪ್ರಶ್ನಾವಳಿ ಸರ್ವನಾಮದ ಅವಮಾನವನ್ನು ಕೇಳದಿರುವುದು ಸಹಜ. ಅದನ್ನು ಕನ್ನಡಕ್ಕೆ ತರುವವರು ಕೇಳದಿರುವುದು ಸಹಜವಲ್ಲ.

ಹಾಗೆಂದು ‘ನಿಮ್ಮನ್ನು ಏಕವಚನದಲ್ಲಿ ಕರೆಯುತ್ತಾರೆಯೇ’ ಎಂಬ ಒಂದು ಅಂಶವನ್ನು ಸೇರಿಸಿದರೆ ಸಮಸ್ಯೆ ತೀರುವುದಿಲ್ಲ. ಕನ್ನಡದ ಏಕವಚನವು ಅವಮಾನದಷ್ಟೇ ಸಲುಗೆಯ ಗುರುತೂ ಹೌದು. ಉತ್ತರ ಕರ್ನಾಟಕದ ಅನೇಕ ಕಡೆ ಆಪ್ತರ ನಡುವೆ ಬಹುವಚನ ಬಳಸಿದರೆ ದೂರ ಮಾಡಿದಂತೆ ಆಗುತ್ತದೆ. ಆದುದರಿಂದ ಕೇಳಬೇಕಾದದ್ದು ಪದವನ್ನಲ್ಲ, ಸಂಬಂಧವನ್ನು. ಆತ ‘ನೀನು’ ಎಂದಾಗ ಅವನಿಗೂ ‘ನೀನು’ ಎನ್ನಲು ಸಾಧ್ಯವೇ ಎಂಬುದೇ ಇಲ್ಲಿಯ ನಿರ್ಣಾಯಕ ಪ್ರಶ್ನೆ.

ಹಾಸ್ಯದ ನಿಯಮ

ಜಾನಪದ ಪರಂಪರೆಯಲ್ಲಿ ನಿಂದೆಗೆ ಮಾನ್ಯತೆ ಪಡೆದ ಸಂದರ್ಭಗಳಿವೆ. ಮದುವೆಯಲ್ಲಿ ಬೀಗರನ್ನು ಹೀಯಾಳಿಸುವ ಹಾಡುಗಳು, ಕಾಮನ ಹಬ್ಬದ ಬೈಗುಳ, ಭಾವ-ನಾದಿನಿಯರ ಸರಸ ಇವು ಎಲ್ಲರಿಗೂ ತಿಳಿದವು. ಮಾನವಶಾಸ್ತ್ರಜ್ಞ ರ‍್ಯಾಡ್‌ಕ್ಲಿಫ್ ಬ್ರೌನ್ ೧೯೪೦ರ ಪ್ರಬಂಧದಲ್ಲಿ ಇಂತಹವನ್ನು ‘ಹಾಸ್ಯ ಸಂಬಂಧ’ಗಳೆಂದು ಕರೆದು, ಹಗೆತನದ ತೋರಿಕೆ ಮತ್ತು ನೈಜ ಸ್ನೇಹಗಳ ಸಂಯೋಗವೆಂದು ವಿವರಿಸಿದನು. ಬೀಗರ ಹಾಡಿನಲ್ಲಿ ಬರುವ ಮಾತುಗಳನ್ನು ಸಂದರ್ಭದಿಂದ ಬೇರ್ಪಡಿಸಿ ಪಟ್ಟಿ ಮಾಡಿದರೆ ಬರ್ಗೆನ್ನಿನ ಪ್ರಶ್ನಾವಳಿಯ ಹಲವು ಅಂಶಗಳು ತುಂಬಿಹೋಗುತ್ತವೆ. ಆದರೂ ಅದನ್ನು ಯಾರೂ ಕಿರುಕುಳ ಎನ್ನುವುದಿಲ್ಲ. ಅದಕ್ಕೆ ಮೂರು ಕಾರಣಗಳನ್ನು ಗುರುತಿಸಬಹುದು. ಅದಕ್ಕೆ ಕಾಲದ ಮಿತಿಯಿದೆ. ಮದುವೆ ಮುಗಿದ ಮೇಲೆ ಹಾಡೂ ಮುಗಿಯುತ್ತದೆ. ಅದಕ್ಕೆ ಸಾಕ್ಷಿಗಳಾಗಿ ಎರಡೂ ಕಡೆಯವರು ಇರುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಹೆಣ್ಣಿನ ಕಡೆಯವರು ಹಾಡಿದರೆ ಗಂಡಿನ ಕಡೆಯವರಿಗೂ ಹಾಡುವ ಸರದಿಯುಂಟು. ಮರುಮಾತಿನ ಹಕ್ಕು ಅಲ್ಲಿ ನಿಯಮದ ಭಾಗ.

ಉದ್ಯೋಗಸ್ಥಳದಲ್ಲಿಯೂ ಹಾಸ್ಯಕ್ಕೆ ತನ್ನದೇ ಪರಂಪರೆಯಿದೆ. ಅಲನ್ ಡಂಡಿಸ್ ಮತ್ತು ಕಾರ್ಲ್ ಪ್ಯಾಗ್ಟರ್ ೧೯೭೫ರಲ್ಲಿಯೇ ಅಮೆರಿಕದ ಕಚೇರಿಗಳಲ್ಲಿ ನಕಲು ಯಂತ್ರದ ಮೂಲಕ ಹರಡುತ್ತಿದ್ದ ವ್ಯಂಗ್ಯಚಿತ್ರ, ಅಣಕುಪತ್ರ, ನಕಲಿ ಸುತ್ತೋಲೆಗಳನ್ನು ಸಂಗ್ರಹಿಸಿ, ಅವುಗಳನ್ನು ನಗರ ಜಾನಪದವೆಂದು ಪರಿಗಣಿಸಬೇಕೆಂದು ವಾದಿಸಿದ್ದರು. ಮೇಲಿನವರನ್ನು ಕೆಳಗಿನವರು ಗುಟ್ಟಾಗಿ ಗೇಲಿ ಮಾಡುವುದು ಆ ಸಾಮಗ್ರಿಯ ಬಹುಭಾಗದ ಸ್ವರೂಪ. ಅಂತಹ ಗೇಲಿ ದುಡಿಯುವವರಿಗೆ ಉಸಿರಾಟದ ಕಿಂಡಿ. ಅದೇ ಅಣಕ ಮೇಲಿನಿಂದ ಕೆಳಕ್ಕೆ ಹರಿದಾಗ, ಅಥವಾ ಗುಂಪಿನಿಂದ ಒಂಟಿ ವ್ಯಕ್ತಿಯ ಮೇಲೆ ಬಿದ್ದಾಗ, ಅದರ ಅರ್ಥ ಬದಲಾಗುತ್ತದೆ. ಒಬ್ಬನ ನಡಿಗೆ, ದನಿ, ಹಾವಭಾವಗಳನ್ನು ಅನುಕರಿಸಿ ನಗುವುದು ಲೇಮನ್ನನ ಪಟ್ಟಿಯಲ್ಲಿ ಒಂದು ಅಂಶ. ಆ ಅಂಶ ವರ್ತನೆಯನ್ನು ಹೆಸರಿಸುತ್ತದೆ, ಅದು ಹರಿಯುವ ದಿಕ್ಕನ್ನು ಹೇಳುವುದಿಲ್ಲ.

ಈ ಕ್ಷೇತ್ರದ ವಿದ್ವಾಂಸರಿಗೆ ಇದು ತಿಳಿಯದ ವಿಷಯವಲ್ಲ. ಐನರ್ಸನ್ ಮತ್ತು ಸಂಗಡಿಗರ ವ್ಯಾಖ್ಯೆಯಲ್ಲಿ, ಬಾಧಿತ ವ್ಯಕ್ತಿ ತನ್ನನ್ನು ರಕ್ಷಿಸಿಕೊಳ್ಳಲು ಕಷ್ಟಪಡುವ ಅಸಮಬಲದ ಸ್ಥಿತಿಯ ಪ್ರಸ್ತಾಪ ಸ್ಪಷ್ಟವಾಗಿದೆ. ಆದರೆ ಅದು ವ್ಯಾಖ್ಯೆಯಲ್ಲಿ ಉಳಿದಿದೆ, ವರ್ತನೆಗಳ ಪಟ್ಟಿಗೆ ಇಳಿದಿಲ್ಲ. ೨೨ ಅಂಶಗಳು ‘ಏನು ನಡೆಯಿತು’, ‘ಎಷ್ಟು ಬಾರಿ’ ಎಂಬುದನ್ನು ಕೇಳುತ್ತವೆ. ‘ಉತ್ತರ ಕೊಡಲು ಸಾಧ್ಯವಿತ್ತೇ, ಕೊಟ್ಟಿದ್ದರೆ ಏನಾಗುತ್ತಿತ್ತು’ ಎಂಬುದನ್ನು ಕೇಳುವುದಿಲ್ಲ. ಕಿರುಕುಳವನ್ನು ಕಿರುಕುಳವಾಗಿಸುವ ಲಕ್ಷಣವೇ ಅದನ್ನು ಅಳೆಯುವ ಪಟ್ಟಿಯಲ್ಲಿ ಇಲ್ಲ. ಪ್ರಸ್ತುತ ವಿಮರ್ಶೆಯ ಮುಖ್ಯ ಆಕ್ಷೇಪ ಇದು.

ಎಲ್ಲರಿಗೂ ಆಗುವುದು

ಭಾರತದ ಸಂದರ್ಭದಲ್ಲಿ ಪ್ರೆಮಿಲ್ಲಾ ಡಿಕ್ರೂಜ್ ಮತ್ತು ಎರ್ನೆಸ್ಟೊ ನೊರೊನ್ಹಾ ಅವರ ಸಂಶೋಧನೆಗಳು ಈ ಚರ್ಚೆಗೆ ಮಹತ್ವದ ಕೊಡುಗೆ ನೀಡಿವೆ. ಮುಂಬಯಿ ಮತ್ತು ಬೆಂಗಳೂರಿನ ಕಾಲ್ ಸೆಂಟರ್ ಉದ್ಯೋಗಿಗಳೊಂದಿಗೆ ನಡೆಸಿದ ಸಂದರ್ಶನಗಳಿಂದ ಅವರು ‘ವ್ಯಕ್ತಿನಿರಪೇಕ್ಷ ಕಿರುಕುಳ’ ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು. ಇಲ್ಲಿ ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನು ಗುರಿಯಾಗಿಸುವುದಿಲ್ಲ; ಸಂಸ್ಥೆಯ ಗುರಿಸಾಧನೆಗಾಗಿ ಎಲ್ಲರ ಮೇಲೂ ಒತ್ತಡ, ಗದರಿಕೆ, ಕಣ್ಗಾವಲುಗಳನ್ನು ಹೇರಲಾಗುತ್ತದೆ. ಅದನ್ನು ಅನುಭವಿಸಿದವರೇ ಅದನ್ನು ವ್ಯವಹಾರದ ಅನಿವಾರ್ಯತೆ ಎಂದು, ‘ವೃತ್ತಿಪರ’ನಾದವನು ಸಹಿಸಬೇಕಾದ ಕಷ್ಟ ಎಂದು ವಿವರಿಸುತ್ತಾರೆ. ಡಿಕ್ರೂಜ್ ಮತ್ತು ಷಾರ್ಲಟ್ ರೇನರ್ ೨೦೧೩ರಲ್ಲಿ ಪ್ರಕಟಿಸಿದ, ಭಾರತದ ಆರು ನಗರಗಳ ಇದೇ ಉದ್ಯಮದ ೧,೦೩೬ ಮಂದಿಯ ಪ್ರಶ್ನಾವಳಿ ಸಮೀಕ್ಷೆಯಲ್ಲಿ ಶೇಕಡಾ ೪೪.೩ರಷ್ಟು ಜನ ಕಿರುಕುಳ ಅನುಭವಿಸಿದ್ದುದು ಕಂಡುಬಂದಿತು. ಒಂದು ಅಧ್ಯಯನ ವಿಸ್ತಾರವನ್ನು ತಿಳಿಸಿದರೆ ಇನ್ನೊಂದು ಅದರ ಅರ್ಥವನ್ನು ತಿಳಿಸುತ್ತದೆ. ಎರಡನ್ನೂ ಒಟ್ಟಿಗೆ ಓದಿದಾಗ ಮಾತ್ರ ಚಿತ್ರ ಪೂರ್ಣವಾಗುತ್ತದೆ.

ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಪರಿಸ್ಥಿತಿಯನ್ನು ಇದೇ ಬೆಳಕಿನಲ್ಲಿ ನೋಡಬಹುದು. ಬಹುಪಾಲು ಮಹಿಳೆಯರೇ ದುಡಿಯುವ ಈ ಕಾರ್ಖಾನೆಗಳಲ್ಲಿ ಗಂಟೆಗಂಟೆಯ ಟಾರ್ಗೆಟ್, ಅದು ತಪ್ಪಿದಾಗ ಸೂಪರ್‌ವೈಸರ್‌ಗಳ ಬೈಗುಳ ಇವು ಕಾರ್ಮಿಕ ಸಂಘಟನೆಗಳ ವರದಿಗಳಲ್ಲಿ ಮತ್ತೆ ಮತ್ತೆ ದಾಖಲಾಗಿವೆ. ‘ನಿಮ್ಮ ಅಭಿಪ್ರಾಯವನ್ನು ಕಡೆಗಣಿಸಲಾಗುತ್ತದೆಯೇ’ ಎಂಬ ಬಗೆಯ ಪ್ರಶ್ನೆಗೆ ಹೊಲಿಗೆ ಯಂತ್ರದ ಮುಂದೆ ಕುಳಿತವಳು ಏನೆಂದು ಉತ್ತರಿಸಬೇಕು? ಅಭಿಪ್ರಾಯ ಕೇಳಿದ್ದರೆ ತಾನೆ ಕಡೆಗಣಿಸುವುದು. ಅವಳು ‘ಎಂದೂ ಇಲ್ಲ’ ಎಂದು ಗುರುತು ಹಾಕಿದರೆ ಅದು ಗೌರವದ ಸೂಚನೆಯಾಗಿ ಲೆಕ್ಕಕ್ಕೆ ಸೇರುತ್ತದೆ. ಅಧಿಕಾರವೇ ಇಲ್ಲದವರಿಂದ ಅಧಿಕಾರವನ್ನು ಕಿತ್ತುಕೊಳ್ಳಲಾಗದು. ಹೀಗೆ ಶ್ರೇಣಿಯ ಕೆಳತುದಿಯಲ್ಲಿರುವವರ ಅಂಕ ಕೆಲವು ಅಂಶಗಳಲ್ಲಿ ಕೃತಕವಾಗಿ ಕಡಿಮೆಯಾಗುವ ಸಾಧ್ಯತೆಯಿದೆ.

ಎಣಿಕೆಯ ಬಲ, ಕಥನದ ಅಪಾಯ

ಇಷ್ಟರಿಂದ ಪ್ರಶ್ನಾವಳಿಯನ್ನು ತಿರಸ್ಕರಿಸಬೇಕೆಂಬ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಒಬ್ಬ ಉದ್ಯೋಗಿಯ ದೂರನ್ನು ಅವನ ಸ್ವಭಾವದೋಷವೆಂದು ತಳ್ಳಿಹಾಕುವುದು ಸುಲಭ. ನೂರರಲ್ಲಿ ಇಷ್ಟು ಮಂದಿ ಎಂಬ ಲೆಕ್ಕವನ್ನು ಹಾಗೆ ತಳ್ಳಿಹಾಕಲಾಗದು. ಸ್ವೀಡನ್ನಿನ ಔದ್ಯೋಗಿಕ ಸುರಕ್ಷತಾ ಮಂಡಳಿ ೧೯೯೩ರಲ್ಲಿಯೇ ಉದ್ಯೋಗಸ್ಥಳದ ಅವಮಾನಕರ ನಡವಳಿಕೆಯನ್ನು ಕುರಿತು ಪ್ರತ್ಯೇಕ ನಿಯಮಾವಳಿ ಹೊರಡಿಸಿತು. ಲೇಮನ್ ಮತ್ತು ಇತರರು ಒದಗಿಸಿದ ಅಂಕಿಅಂಶಗಳು ಆ ದೇಶದ ಸಾರ್ವಜನಿಕ ಚರ್ಚೆಗೆ ತಳಹದಿಯಾಗಿದ್ದವು.

ಜಾನಪದ ವಿದ್ವಾಂಸರು ತಮ್ಮ ವಿಧಾನದ ಮಿತಿಯನ್ನೂ ಇಲ್ಲಿ ಒಪ್ಪಿಕೊಳ್ಳಬೇಕಾಗುತ್ತದೆ. ಕಥನದಲ್ಲಿ ಸಂದರ್ಭವಿದೆ, ದನಿಯಿದೆ, ಮೌನವಿದೆ. ಆದರೆ ಕಥನ ಹೇಳಿದವನ ಗುರುತನ್ನೂ ಹೊತ್ತು ತರುತ್ತದೆ. ಮೂವತ್ತು ಜನರ ಕಚೇರಿಯಲ್ಲಿ ಒಬ್ಬಳು ಹೇಳಿದ ಘಟನೆಯನ್ನು ಹೆಸರು ಮರೆಮಾಚಿ ಪ್ರಕಟಿಸಿದರೂ ಅದು ಯಾರದೆಂದು ಉಳಿದವರಿಗೆ ತಿಳಿಯುತ್ತದೆ. ಉದ್ಯೋಗವನ್ನೇ ನೆಚ್ಚಿಕೊಂಡವಳಿಗೆ ಅದು ಸಣ್ಣ ಅಪಾಯವಲ್ಲ. ಹೆಸರಿಲ್ಲದ ಗುರುತಿನ ಚೀಟಿ ಅವಳನ್ನು ಕಾಪಾಡುತ್ತದೆ. ಪ್ರಶ್ನಾವಳಿಯ ಬಡತನವೇ ಅದರ ರಕ್ಷಾಕವಚ ಎಂಬುದನ್ನು ಅಲ್ಲಗಳೆಯಲಾಗದು.

ಚಾರ್ಲ್ಸ್ ಬ್ರಿಗ್ಸ್ ೧೯೮೬ರ ತನ್ನ ಕೃತಿಯಲ್ಲಿ ಸಂದರ್ಶನವೂ ಒಂದು ಸಂವಹನ ಘಟನೆ, ಕೇಳುವವರು ತಮ್ಮ ಸಮಾಜದ ಕೇಳುವ ರೀತಿಯನ್ನು ಹೇಳುವವರ ಮೇಲೆ ಹೇರುತ್ತಾರೆ ಎಂದು ತೋರಿಸಿದ್ದನು. ಈ ಮಾತು ಪ್ರಶ್ನಾವಳಿಗೂ ಅನ್ವಯಿಸುತ್ತದೆ. ಕನ್ನಡದ ಸಂದರ್ಭದಲ್ಲಿ ಕಿರುಕುಳವನ್ನು ಅಳೆಯಲು ಹೊರಡುವವರು ಮೊದಲು ಅನುವಾದಕ್ಕೆ ಕೈಹಾಕದೆ ಪದಸಂಗ್ರಹಕ್ಕೆ ಕೈಹಾಕುವುದು ಒಳಿತು. ಕಾಟ, ಕಿರುಕುಳ, ದಬ್ಬಾಳಿಕೆ, ಪೀಡೆ, ಗೋಳು ಹೊಯ್ದುಕೊಳ್ಳುವುದು, ಮೂಲೆಗುಂಪು ಮಾಡುವುದು ಇವು ಪರ್ಯಾಯ ಪದಗಳಲ್ಲ. ಇವುಗಳಲ್ಲಿ ಒಂದೊಂದಕ್ಕೂ ಬೇರೆ ಬೇರೆ ಕರ್ತೃ, ಬೇರೆ ಬೇರೆ ತೂಕವಿದೆ. ‘ಗೋಳು ಹೊಯ್ದುಕೊಳ್ಳು’ವುದರಲ್ಲಿ ಸಲುಗೆಯ ಎಳೆ ಇರಬಹುದು, ‘ದಬ್ಬಾಳಿಕೆ’ಯಲ್ಲಿ ಇರಲಾರದು. ಇಂತಹ ಪದಗಳನ್ನು ದುಡಿಯುವವರ ಬಾಯಿಂದಲೇ ಸಂಗ್ರಹಿಸಿ, ಯಾವ ಪ್ರದೇಶದಲ್ಲಿ, ಯಾವ ವೃತ್ತಿಯಲ್ಲಿ, ಯಾರು ಯಾರಿಗೆ ಬಳಸುತ್ತಾರೆ ಎಂಬುದನ್ನು ತಿಳಿದ ಮೇಲೆ ಅಂಶಗಳನ್ನು ರಚಿಸಬೇಕು. ಪ್ರತಿಯೊಂದು ಅಂಶದೊಂದಿಗೆ ‘ತಿರುಗಿ ಮಾತನಾಡಲು ಸಾಧ್ಯವಿತ್ತೇ’ ಎಂಬ ಉಪಪ್ರಶ್ನೆ ಇರಬೇಕು. ‘ಎಂದೂ ಇಲ್ಲ’ ಎಂಬ ಉತ್ತರದ ಪಕ್ಕದಲ್ಲಿ ‘ನನ್ನ ಕೆಲಸಕ್ಕೆ ಇದು ಅನ್ವಯಿಸುವುದಿಲ್ಲ’ ಎಂಬ ಆಯ್ಕೆಯೂ ಇರಬೇಕು. ಒಂದೇ ಬಾರಿ ನಡೆದು ಮರೆಯಲಾಗದೆ ಉಳಿದ ಘಟನೆಗೆ ಆವರ್ತನದ ಹೊರಗೆ ಪ್ರತ್ಯೇಕ ಸ್ಥಳ ಬಿಡಬೇಕು.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬ ಗಾದೆಯಲ್ಲಿ ಸರದಿ ಬರುತ್ತದೆಂಬ ಭರವಸೆಯಿದೆ. ಮನೆಯ ಒಳಗೆ ಆ ಭರವಸೆ ಎಷ್ಟರಮಟ್ಟಿಗೆ ನಿಜವೆಂಬುದು ಬೇರೆ ಮಾತು. ಉದ್ಯೋಗಸ್ಥಳದಲ್ಲಿ ಜವಾನನ ಸರದಿ, ಹೊಲಿಗೆಯವಳ ಸರದಿ ಬಹುಮಟ್ಟಿಗೆ ಬರುವುದೇ ಇಲ್ಲ. ಆದುದರಿಂದಲೇ ಅವರ ಅನುಭವವನ್ನು ಅಳೆಯುವ ಸಾಧನ ನಿಖರವಾಗಿರಬೇಕಾದ ಅಗತ್ಯ ಹೆಚ್ಚು. ಅವರು ಎದುರಿಸಿದ ಮಾತುಗಳನ್ನು ಎಣಿಸುವುದರ ಜೊತೆಗೆ, ಅವರು ಆಡಲಾಗದೆ ನುಂಗಿದ ಮರುಮಾತುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಪ್ರಶ್ನಾವಳಿ ತನ್ನ ಉದ್ದೇಶಕ್ಕೆ ಹತ್ತಿರವಾಗುತ್ತದೆ.